ಭಗವಂತರಾಯರ ಗಂಟಲಿನ ಅಳತೆ

"ಬೊಂಬಾಯಿ ಪೇಟಿ ನನ್ನ ಮನಿ ಹೊಸ್ತಿಲ ದಾಟಿ ಒಳಗ ಬಂತಂದ್ರ, ನಾ ಅದೇ ಹೊಸ್ತಿಲ ದಾಟಿ ಹೊರಗ ಹೋಗ್ತೀನಿ!"

ಫಸಲಿ ೧೩೪೮ನೆಯ ಸಾಲಿನ, ಅಂದರೆ ಇಂಗ್ರೇಜಿ ೧೯೩೯ರ, ಮುಂಗಾರಿನಲ್ಲಿ ಒಂದು ದಿನ, ಶಹಾಪುರದ ತಹಶೀಲ ಕಚೇರಿಯಲ್ಲಿ, ಗುಮಾಸ್ತ ಭಗವಂತರಾಯರು ಹೀಗೆಂದು ಮೇಜು ಗುದ್ದಿದರು. ಗುದ್ದಿದ ರಭಸಕ್ಕೆ ಮಸಿಯ ದೌತಿ ಮಗುಚಿತು. ಎರಡು ದಿನದಿಂದ ಉರ್ದುವಿನಲ್ಲಿ ಅಂದವಾಗಿ ಬರೆದಿಟ್ಟಿದ್ದ ಪಹಣಿಯ ಮೇಲೆ ಮಸಿ ಹರಿದು, ವಡಗೇರಾದ ಹದಿನೇಳು ಹೊಲಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆರೆಯಾದವು. ಆದರೇನು, ಪ್ರತಿಜ್ಞೆ ಮಾಡುವ ಮಹಾಪುರುಷರು ಇಂಥ ಸಣ್ಣಪುಟ್ಟ ಜಲಪ್ರಳಯಗಳಿಗೆ ಲಕ್ಷ್ಯ ಕೊಡುತ್ತಾರೆಯೇ!

ಎದುರು ಮೇಜಿನ ತಾಯಪ್ಪನ ಕೈಯಲ್ಲಿ ಬೊಂಬಾಯಿಯ ಅಂಗಡಿಯೊಂದರ ಚಿತ್ರದ ಪುಸ್ತಕವಿತ್ತು. ಅದರ ತುಂಬ ಪೇಟಿಗಳು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಕೈಯಿಂದ ಗಾಳಿ ಹಾಕುವ ಪೇಟಿ, ಕಾಲಿನಿಂದ ಗಾಳಿ ಹಾಕುವ ಪೇಟಿ, ಮಡಚಿ ಟ್ರಂಕಿನಲ್ಲಿ ಇಡುವ ಪೇಟಿ! ರಾಯರಿಗೆ ಪೇಟಿ ಬೇಕಾಗಿದೆ ಎಂದು ಸುಳಿವು ಸಿಕ್ಕಿ ತಾಯಪ್ಪ ಅದನ್ನು ತಂದಿದ್ದ.

"ಒಂದು ಕಾಗದ ಹಾಕಿದ್ರ ಆತ್ರಿ ರಾಯರ. ರೈಲಿನ್ಯಾಗ ಯಾದಗಿರಿ ಸ್ಟೇಷನ್ನಿಗೆ ಬರ್ತದ. ಕರೋಡಗಿರಿ ನಾಕಾದಾಗ ಸುಂಕ ಕಟ್ಟಿ ಬಿಡಿಸ್ಕೊಂಡು ಬಂದ್ರ ಮುಗೀತು," ಎಂದ.

"ಮತ್ತ ನಮ್ಮ ಚಾಂದಪಾಶಾ ಏನ್ ಮಾಡಬೇಕು? ಪೇಟಿ ಮಾಡೂ ಕೈಲೆ ಕಟಿಗಿ ಒಡೀಬೇಕೇನು? ಊರಾಗ ಇರೂದ ಒಂದು ವಾದ್ಯದ ಅಂಗಡಿ. ಅದನ್ನೂ ನಾವು ಕಣ್ಣೆತ್ತಿ ನೋಡಲಿಲ್ಲಂದ್ರ, ನಾಳಿ ಭಜನಿಗೆ ಒಂದು ಜೋಡಿ ತಾಳ ಬೇಕಾದ್ರೂ ರೈಲಿಗೆ ಕಾಯಬೇಕಾಗ್ತದ, ತಿಳ್ಕೋ!"

"ಖರೇ ಅದ ಬಿಡ್ರಿ. ಆದ್ರ ನಿಮ್ಮ ಮನ್ಯಾಗ ಪೇಟಿ ಬಾರಸಾವ್ರು ಯಾರ್ರಿ?"

ಇಲ್ಲಿ ಭಗವಂತರಾಯರು ಒಂದು ಗುಟುಕು ನೀರು ಕುಡಿದರು. ಪೇಟಿ ಬಾರಿಸುವವಳು ಅವರ ಹೆಂಡತಿ ಸುಗಲಮ್ಮ. ಹೇಳಿದರೆ ಮೂರು ಶಬ್ದದ ಮಾತು. ಆದರೆ ಗೃಹಸ್ಥರ ಮನೆಯ ಹೆಣ್ಣುಮಗಳು ಪೇಟಿ ಬಾರಿಸಿ ಹಾಡುತ್ತಾಳೆಂದರೆ ಆ ಕಾಲದಲ್ಲಿ ಪೇಶಕಾರರಿಂದ ಹಿಡಿದು ಬಾಗಿಲ ಜವಾನನವರೆಗೆ ಕಚೇರಿಗೆ ಕಚೇರಿಯೇ ಹುಬ್ಬೇರಿಸುತ್ತಿತ್ತು. ಭಗವಂತರಾಯರಿಗೆ ಬೊಂಬಾಯಿಯನ್ನು ಎದುರಿಸುವ ಧೈರ್ಯವಿತ್ತು, ಹುಬ್ಬುಗಳನ್ನು ಎದುರಿಸುವ ಧೈರ್ಯವಿರಲಿಲ್ಲ.

"ಯಾರಂದ್ರ? ನಾನ!" ಎಂದುಬಿಟ್ಟರು.

ಈ ಪೇಟಿಯ ಕಥೆ ಆರು ವರ್ಷ ಹಳೆಯದು. ಸುಗಲಮ್ಮನ ತಂದೆ ಸುರಪುರದ ಮರಿಲಿಂಗಪ್ಪ. ಭಜನೆಯಲ್ಲಿ ಹೆಸರು ಮಾಡಿದ ಮನುಷ್ಯ. ಅಮಾವಾಸ್ಯೆ ಬಂತೆಂದರೆ ತಿಂಥಣಿಗೆ ಹೋಗಿ ಮೌನೇಶ್ವರನ ಮುಂದೆ ಬೆಳತನಕ ಹಾಡಿ ಬರುವವರು. ಅವರ ಪೇಟಿಯ ಮಗ್ಗುಲಲ್ಲೇ ಆಡಿ ಬೆಳೆದ ಮಗಳು ಯಾರೂ ಕಲಿಸದೆ ಕಲಿತುಬಿಟ್ಟಿದ್ದಳು. ಮದುವೆಯ ಮಾತುಕತೆಯಲ್ಲಿ ಮಾವನವರು "ಹುಡುಗಿಗೆ ಹಾಡಂದ್ರ ಜೀವ" ಎಂದಾಗ, ಭಗವಂತರಾಯರು ಎದೆ ಮುಟ್ಟಿಕೊಂಡು "ಒಂದು ಪೇಟಿ ತಂದುಕೊಡೂದು ನನ್ನ ಜಿಮ್ಮಾ" ಎಂದಿದ್ದರು. ಆಮೇಲೆ ದಸರೆಗೆ ತರ್ತೀನಿ, ಸುಗ್ಗಿಗೆ ತರ್ತೀನಿ, ಬಡ್ತಿ ಸಿಕ್ಕ ಮೇಲೆ ತರ್ತೀನಿ ಎನ್ನುತ್ತ ಆರು ವರ್ಷ ದೂಡಿದರು. ಕಚೇರಿಯಲ್ಲಿ ಮೇಜು ಗುದ್ದಿದ ದಿನವೇ ಬೆಳಿಗ್ಗೆ ಸುಗಲಮ್ಮ ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ತಲೆಯೆತ್ತಿದ್ದಳು.

"ಪಂಚಮಿಗೆ ತವರಿಗೆ ಹೋಗ್ತೀನ್ರಿ."

"ಹೋಗು. ಯಾರ್ ಬ್ಯಾಡಂದ್ರು?"

"ಮನಿಗೆ ಪೇಟಿ ಬಂತಂತ ಸುದ್ದಿ ಮುಟ್ಟಿದ ಮ್ಯಾಲೇ ತಿರುಗಿ ಬರ್ತೀನಿ."

"ಮುಟ್ಟಲಿಲ್ಲಂದ್ರ?"

"ಪೇಟಿ ಬರಲಿಲ್ಲಂದ್ರ ನಾನೂ ಬರೂದಿಲ್ಲ. ಕರೆಯಾಕ ನೀವೂ ಬರಬ್ಯಾಡ್ರಿ."

ಭಗವಂತರಾಯರು ಮೊದಲು ನಕ್ಕರು. ಆಮೇಲೆ ಹೆಂಡತಿಯ ಮುಖ ನೋಡಿ ನಗು ನುಂಗಿದರು. ಸುಗಲಮ್ಮ ಒಮ್ಮೆ ಅಂದಳೆಂದರೆ ಅಂದಳು. ಹಿಂದಿನ ವರ್ಷ ಅವಳು ನಾಲ್ಕು ದಿನ ತವರಿಗೆ ಹೋದಾಗ ರಾಯರು ಸ್ವಹಸ್ತದಿಂದ ಬಡಿದ ರೊಟ್ಟಿಯನ್ನು ಹೊರಗೆಸೆದರೆ ಓಣಿಯ ಎಮ್ಮೆ ಮೂಸಿ ನೋಡಿ ಮುಂದೆ ಹೋಗಿತ್ತು. ರೊಟ್ಟಿಯದಾದರೂ ನಡೆಯುತ್ತಿತ್ತು, ಚುರುಮುರಿ ತಿಂದು ಬದುಕಬಹುದು. ಬೆಳಗಿನ ಜಾವ ಬೀಸುಕಲ್ಲಿನ ಹತ್ತಿರ ಅವಳು ಹಾಡುವ ಸದ್ದಿಲ್ಲದೆ ಅವರಿಗೆ ಎಚ್ಚರವಾದರೂ ಎದ್ದಂತೆ ಅನಿಸುತ್ತಿರಲಿಲ್ಲ. ಹೆಂಡತಿಯೆಂದರೆ ಅವರಿಗೆ ಪ್ರಾಣ. ಇದನ್ನೂ ಅವರು ಇದುವರೆಗೆ ಯಾರ ಮುಂದೆಯೂ, ಸ್ವತಃ ಹೆಂಡತಿಯ ಮುಂದೆಯೂ ಬಾಯಿಬಿಟ್ಟು ಹೇಳಿದವರಲ್ಲ.

ಶುಕ್ರವಾರ ಬಂತು. ನಿಜಾಮ ಸರಕಾರದಲ್ಲಿ ಶುಕ್ರವಾರವೇ ಕಚೇರಿಗೆ ರಜೆ. ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ ಭಗವಂತರಾಯರು ಶೇರವಾನಿಗೆ ಗುಂಡಿ ಹಾಕಿ, ಟೋಪಿ ನೆಟ್ಟಗೆ ಮಾಡಿಕೊಂಡು ಬಜಾರಿಗೆ ನಡೆದರು. ಊರಿನ ಅಂಗಡಿಯನ್ನು ಉದ್ಧಾರ ಮಾಡುವ ದೃಶ್ಯ ನೋಡಲೆಂದು ತಾಯಪ್ಪ ಇಬ್ಬರು ಜವಾನರನ್ನೂ ಕರೆದುಕೊಂಡು ಹಿಂದೆಯೇ ಬಂದ.

ಚಾಂದಪಾಶಾನದು ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹಸಿರು ಪರದೆ. ಗೋಡೆಗೆ ತಬಲಾ, ದಮ್ಮಡಿ, ಏಕತಾರಿಗಳು ಧೂಳು ಹೊದ್ದು ತೂಗಾಡುತ್ತಿದ್ದವು. ಅವನು ಅರ್ಧ ಬಿಚ್ಚಿದ ಪೇಟಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

"ಚಾಂದಪಾಶಾ, ಒಂದು ಪೇಟಿ ಬೇಕು. ಬೊಂಬಾಯಿದಲ್ಲ, ನಿನ್ನ ಕೈದೇ ಬೇಕು!" ಎಂದರು ರಾಯರು, ಬಜಾರಿಗೆಲ್ಲ ಕೇಳುವಂತೆ.

"ಮೆಹರಬಾನಿ ರಾಯರ. ಯಾರ ಗಂಟಲಿಗ್ರಿ?"

ಇದು ಅವನ ಮಾಮೂಲು ಪ್ರಶ್ನೆ. ದರ್ಜಿ ಮೈಯ ಅಳತೆ ಇಲ್ಲದೆ ಅಂಗಿ ಹೊಲಿಯುವುದಿಲ್ಲ, ಚಾಂದಪಾಶಾ ಗಂಟಲಿನ ಅಳತೆ ಇಲ್ಲದೆ ಪೇಟಿ ಕೊಡುತ್ತಿರಲಿಲ್ಲ. ಹಾಡುವವರನ್ನು ಎದುರಿಗೆ ಕೂರಿಸಿ ಹಾಡಿಸುವುದು. ಅವರ 'ಸಾ' ಪೇಟಿಯ ಯಾವ ಕರಿಪಟ್ಟಿ, ಯಾವ ಬಿಳಿಪಟ್ಟಿಯ ಮೇಲೆ ನಿಲ್ಲುತ್ತದೆಂದು ನೋಡುವುದು. ಅಲ್ಲಿಂದ ಲೆಕ್ಕ ಹಿಡಿದು ಒಳಗಿನ ಹಿತ್ತಾಳೆಯ ನಾಲಗೆಗಳನ್ನು ಒಂದೊಂದಾಗಿ ಕೆರೆದು ಉಳಿದ ಸ್ವರಗಳನ್ನು ಕೂರಿಸುವುದು. ಹಾಗೆ ಕೂರಿಸಿದ ಪೇಟಿ ಆ ಒಂದು ಗಂಟಲಿಗೆ ಬೆಲ್ಲ. ಬೇರೆ ಗಂಟಲಿನವರು ಬಂದು ಬೇರೆ ಪಟ್ಟಿಯಿಂದ ಹಿಡಿದರೋ, ಗಾಂಧಾರ ಹುಳಿ, ನಿಷಾದ ಕಹಿ!

ಭಗವಂತರಾಯರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಪೇಟಿಯೆಂದರೆ ಕೊಡದಂತೆ ಎಲ್ಲಿಂದ ತಂದರೂ ನೀರು ತುಂಬುವ ವಸ್ತು ಎಂದು ತಿಳಿದಿದ್ದರು. ಹಿಂದೆ ತಿರುಗಿ ನೋಡಿದರು. ತಾಯಪ್ಪ ಕಿವಿ ಅಗಲಿಸಿಕೊಂಡು ನಿಂತಿದ್ದ. ಜವಾನರ ಹುಬ್ಬುಗಳು ಮೇಲೇರಲು ಸಿದ್ಧವಾಗಿದ್ದವು.

"ನನ್ನ ಗಂಟಲಿಗೇ," ಎಂದರು.

"ನಿಮ್ಮ ಗಂಟಲಿಗಾ?" ಚಾಂದಪಾಶಾ ಒಮ್ಮೆ ಅವರ ಗಂಟಲನ್ನೇ ದಿಟ್ಟಿಸಿ ನೋಡಿದ. "ಹಂಗಾದ್ರ ಕುಂದರ್ರಿ. ಒಂದು ಹಾಡ ಹಾಡ್ರಿ."

"ಇಲ್ಲೇ?"

"ಮತ್ತೆಲ್ಲಿರಿ? ಅಳತಿ ಇಲ್ಲದ ಕೆಲಸ ನಾ ಮಾಡೂದಿಲ್ಲ."

ಪ್ರತಿಜ್ಞೆ ಮಾಡಿದವರು ಹಿಂದೆ ಸರಿಯುವಂತಿಲ್ಲ. ಭಗವಂತರಾಯರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು, ಕಣ್ಣು ಮುಚ್ಚಿದರು, ಹೆಂಡತಿ ಬೀಸುವಾಗ ಹಾಡುವ ಪದವೊಂದನ್ನು ನೆನಪು ಮಾಡಿಕೊಂಡು ಬಾಯಿ ತೆರೆದರು. ತೆರೆದದ್ದೇ ತಡ! ಎದುರಿನ ಟಾಂಗಾದ ಕುದುರೆ ಗಾಡಿ ಸಮೇತ ಎರಡು ಹೆಜ್ಜೆ ಹಿಂದಕ್ಕೆ ಹೋಯಿತು. ಬೆಲ್ಲದ ಅಂಗಡಿಯವನು ತಕ್ಕಡಿ ಕೈಯಲ್ಲಿ ಹಿಡಿದೇ ಹೊರಗೆ ಬಂದ. ನಮಾಜು ಮುಗಿಸಿ ಮನೆಗೆ ಹೊರಟವರು, ನಮಾಜಿಗೂ ತಮಗೂ ಸಂಬಂಧವೇ ಇಲ್ಲದವರು, ಎಲ್ಲರೂ ಅಂಗಡಿಯ ಮುಂದೆ ನೆರೆದರು. ಪದ ಮುಗಿದು ರಾಯರು ಕಣ್ಣು ತೆರೆದಾಗ ಬಜಾರಿನ ಅರ್ಧ ಅಲ್ಲೇ ಇತ್ತು.

ಚಾಂದಪಾಶಾನ ಮುಖದಲ್ಲಿ ನಗುವಿರಲಿಲ್ಲ, ಅಳುವೂ ಇರಲಿಲ್ಲ.

"ಇನ್ನೊಮ್ಮೆ ಹಾಡ್ರಿ."

ಇನ್ನೊಮ್ಮೆ ಹಾಡಿದರು.

"ರಾಯರ, ಮೊದಲನೇ ಸಲ ಕರಿ ಒಂದರ ಮ್ಯಾಲಿದ್ರಿ. ಈಗ ಬಿಳಿ ನಾಲ್ಕಕ್ಕ ಹೋಗಿ ಕುಂತೀರಿ. ಗಂಟಲ ಒಂದು ಕಡಿ ನಿಂದರವಲ್ದು."

"ಹಂಗಂದ್ರ ದೊಡ್ಡ ಗಂಟಲ ಅಂತ ಅರ್ಥ ಏನು?"

"ದೊಡ್ಡದ ಅದ ಬಿಡ್ರಿ," ಎಂದ ಚಾಂದಪಾಶಾ. ಹಸಿರು ಪರದೆಯ ಹಿಂದೆ ಯಾರೋ ಸೆರಗು ಬಾಯಿಗೊತ್ತಿಕೊಂಡ ಸದ್ದಾಯಿತು. ಅದು ಅವನ ಹೆಂಡತಿ ಮಕ್ತುಂಬಿ. "ಇವತ್ತ ಅಳತಿ ಸಿಗೂದಿಲ್ಲ. ಮುಂದಿನ ಜುಮ್ಮಾಕ್ಕ ಬರ್ರಿ."

ಮುಂದಿನ ಶುಕ್ರವಾರ ಹೋದರು. ಅದರ ಮುಂದಿನ ಶುಕ್ರವಾರವೂ ಹೋದರು. ಹೀಗೆ ಒಂದಲ್ಲ ಎರಡಲ್ಲ, ಆರು ಶುಕ್ರವಾರ! ಒಮ್ಮೆ "ಸಾ ಸಿಕ್ತು, ಪಾ ಸಿಗವಲ್ದು" ಎಂದ. ಇನ್ನೊಮ್ಮೆ "ಇವತ್ತ ನೆಗಡಿ ಅದ, ನೆಗಡಿ ಅಳತಿ ನಡಿಯೂದಿಲ್ಲ" ಎಂದ. ಮೊದಲ ವಾರ ನಾಚಿಕೆಯಿಂದ ಹಾಡಿದ ರಾಯರು ಮೂರನೆಯ ವಾರಕ್ಕೆ ಕೈಯೆತ್ತಿ ಹಾಡತೊಡಗಿದರು. ಐದನೆಯ ವಾರಕ್ಕೆ ಮುಂದಿನ ಸಾಲಿನಲ್ಲಿ ಕೂತವರಿಗೆ "ಹಿಂದಿನವರಿಗೂ ಕಾಣಲಿ, ಸ್ವಲ್ಪ ಬಾಗ್ರಿ" ಎಂದು ಸೂಚನೆ ಕೊಡುವವರೆಗೆ ಬೆಳೆದರು. ಮನುಷ್ಯನಿಗೆ ಕೇಳುವವರು ಸಿಕ್ಕರೆ ಸಾಕು, ಏನು ಕೇಳುತ್ತಿದ್ದಾರೆಂಬ ಯೋಚನೆ ಬರುವುದಿಲ್ಲ.

ಮನೆಯಲ್ಲಿ ಮಾತ್ರ ಇದು ಪರಮ ಗುಟ್ಟು. ಪೇಟಿ ಮನೆಗೆ ಬಂದ ಮೇಲೆಯೇ ಹೆಂಡತಿಗೆ ತಿಳಿಯಬೇಕು ಎಂಬುದು ರಾಯರ ಹಂಚಿಕೆ.

"ಎಲ್ಲಿಗೆ ಹೊಂಟೀರಿ?" ಎಂದು ಸುಗಲಮ್ಮ ಕೇಳುತ್ತಿದ್ದಳು.

"ಕಚೇರಿ ಕೆಲಸ ಅದ."

"ಇವತ್ತ ಶುಕ್ರವಾರಲ್ಲೇನ್ರಿ? ರಜಾ?"

"ರಜಾ ದಿವಸ ಕಚೇರ್ಯಾಗ ಯಾರೂ ಇರೂದಿಲ್ಲ. ಅದಕ್ಕ ಎಲ್ಲಾರ ಕೆಲಸ ನನಗ ಬೀಳ್ತದ!"

"ಪಾಪ," ಎಂದು ಸುಗಲಮ್ಮ ಮಜ್ಜಿಗೆಗೆ ಒಗ್ಗರಣೆ ಹಾಕುತ್ತಿದ್ದಳು. "ಗಂಟಲ ಯಾಕೋ ಬಿದ್ದದ ನಿಮ್ದು. ಬಿಸಿನೀರು ಕುಡೀರಿ."

ನಾಲ್ಕು ಶುಕ್ರವಾರ ಕಳೆದಾಗ ಪಂಚಮಿ ಬಂತು. ಸುರಪುರದಿಂದ ತವರಿನ ಬಂಡಿ ಬಂದು ಬಾಗಿಲಲ್ಲಿ ನಿಂತಿತು. ಸುಗಲಮ್ಮ ಹಸಿರು ಇಳಕಲ್ಲು ಸೀರೆ ಉಟ್ಟು, ಗಂಟು ಕಂಕುಳಲ್ಲಿ ಇಟ್ಟುಕೊಂಡು ಬಂಡಿ ಹತ್ತಿದಳು. "ನಾ ಅಂದದ್ದು ನೆನಪದಲ್ರಿ?" ಎಂದಳು. "ಅದ, ಅದ! ನೀ ಉಂಡಿ ತಿಂದು ಮುಗಿಸೂದ್ರಾಗ ಸುದ್ದಿ ಬರ್ತದ!" ಎಂದರು ರಾಯರು. ಬಂಡಿ ಓಣಿ ದಾಟುವವರೆಗೆ ನಿಂತು ನೋಡಿದರು. ಒಳಗೆ ಬಂದಾಗ ಮನೆ ಭಣಗುಡುತ್ತಿತ್ತು.

ಇನ್ನೆರಡು ಶುಕ್ರವಾರ ಹಾಡಿಸಿಕೊಂಡ ಮೇಲೆ ಒಂದು ಗುರುವಾರ ಸಂಜೆ ಚಾಂದಪಾಶಾ ತಾನೇ ಪೇಟಿ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದ. ಸಾಗವಾನಿಯ ಮೈ, ಹಿತ್ತಾಳೆಯ ಮೂಲೆಗಳು, ಅಂಚಿಗೆ ಬಳ್ಳಿಯ ಕೆತ್ತನೆ. ಭಗವಂತರಾಯರ ಕಣ್ಣು ತುಂಬಿ ಬಂದವು.

"ಬೊಂಬಾಯಿ ಇದರ ಕಾಲಾಗ ನುಸೀಬೇಕು!" ಎಂದರು.

"ಒಂದು ಮಾತು ರಾಯರ. ಇದು ಯಾರ ಅಳತಿಗೆ ಆಗ್ಯದೋ ಅವರ ಕೈಗೇ ಕೊಡ್ರಿ. ಅವರಿಗೇ ಇದು ಕೂಡ್ತದ. ಬ್ಯಾರೆ ಗಂಟಲಿನವ್ರು ಹಾಡಿದ್ರ ಕೇಳಾವ್ರು ಹಲ್ಲು ಕಡೀಬೇಕಾಗ್ತದ."

ಭಗವಂತರಾಯರು ಪೇಟಿಯ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದರು. ಆರು ವಾರ ಹುಬ್ಬುಗಳ ಚಿಂತೆಯಲ್ಲಿ, ಆಮೇಲೆ ಮಂದಿ ಸೇರಿದ ಸಂಭ್ರಮದಲ್ಲಿ, ಈ ಒಂದು ಮಾತು ಅವರ ತಲೆಗೆ ಹೊಳೆದಿರಲೇ ಇಲ್ಲ! ಅಳತೆ ಕೊಟ್ಟವರು ತಾವು. ಹಾಡಬೇಕಾದವಳು ಸುಗಲಮ್ಮ. ಅವಳ ಅಂಗಿಗೆ ತಮ್ಮ ಮೈ ಅಳೆಸಿ ಬಂದಂತಾಯಿತು.

"ಚಾಂದಪಾಶಾ... ಸುಮ್ಮ ಕೇಳ್ತೀನಿ. ಹಿಂಗ ಅಂತ ತಿಳ್ಕೋ. ಇದನ್ನ ಬ್ಯಾರೆ ಯಾರದರ ಗಂಟಲಿಗೆ ಬದಲ ಮಾಡಬೇಕಂದ್ರ?"

"ಎಲ್ಲಾ ನಾಲಿಗಿ ಹೊಸಾದ ಹಾಕಬೇಕು. ಒಂದು ತಿಂಗಳ ಬೇಕು. ಯಾಕ್ರಿ, ಬ್ಯಾರೆ ಯಾರರ ಹಾಡಾವ್ರದಾರೇನು?"

ಬಾಗಿಲಲ್ಲಿ ಪೇಟಿ ನೋಡಲು ಬಂದ ಓಣಿಯವರು ನಿಂತಿದ್ದರು. "ಯಾರೂ ಇಲ್ಲ!" ಎಂದರು ರಾಯರು. ಚಾಂದಪಾಶಾ ಸಲಾಮು ಮಾಡಿ ಹೋದ.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ತಾವೇ ಪೇಟಿಯ ಮುಂದೆ ಕೂತರು. ಒಂದು ಪಟ್ಟಿ ಒತ್ತಿ, ಗಾಳಿ ಹಾಕಿ, ಧ್ವನಿ ತೆಗೆದರು. ಅಹಾ! ಅವರ ಕಿವಿಗೆ ಪೇಟಿಯೂ ಗಂಟಲೂ ಒಂದೇ ತಾಯಿಯ ಮಕ್ಕಳಂತೆ ಕೇಳಿಸಿದವು. ಇದು ತಮ್ಮದೇ ಅಳತೆ ಎಂಬುದರಲ್ಲಿ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಭೀಮವ್ವ ಬಾಗಿಲು ಬಡಿದಳು.

"ತಮ್ಮಾ, ಹೊಟ್ಟಿನೋವೇನೋ?"

"ಇಲ್ಲವ್ವ. ಹೊಸಾ ಪೇಟಿ ನೋಡಾಕತ್ತೇನಿ."

"ಪೇಟಿ ಛಲೋ ಅದ, ಕೇಳಿದೆ. ಅದರ ಸಂಗಟ ಏನೋ ಒದರಾಕತ್ತಿತ್ತಲ್ಲ, ಅದೇನು?"

ಮುದುಕಿಗೆ ಸಂಗೀತ ತಿಳಿಯುವುದಿಲ್ಲ ಎಂದು ರಾಯರು ಬಾಗಿಲು ಹಾಕಿಕೊಂಡರು. ಹೋಗುತ್ತ ಅವಳು ಇನ್ನೊಂದು ಮಾತು ಒಗೆದು ಹೋದಳು: ಪೇಟಿ ಬಂದ ಸುದ್ದಿಯನ್ನು ಆಗಲೇ ಸುರಪುರಕ್ಕೆ ಹೊರಟ ಬಸ್ಸಿನವನ ಕೈಲಿ ಹೇಳಿ ಕಳಿಸಿದ್ದಾಳೆ, ಸೋಮವಾರ ಬಂದುಬಿಡು ಎಂದು ಸುಗಲಮ್ಮನಿಗೆ ಹೇಳಿಸಿದ್ದಾಳೆ!

ಶುಕ್ರವಾರವಿಡೀ ಭಗವಂತರಾಯರು ಮನೆಯಲ್ಲಿ ಅತ್ತಿಂದಿತ್ತ ತಿರುಗಿದರು. ಸುಗಲಮ್ಮ ಬರುತ್ತಾಳೆ, ಪೇಟಿಯ ಮುಂದೆ ಕೂಡುತ್ತಾಳೆ, ಹಾಡುತ್ತಾಳೆ, ಗಾಂಧಾರ ಹುಳಿಯಾಗುತ್ತದೆ. "ಇದು ಯಾರ ಅಳತಿ?" ಎನ್ನುತ್ತಾಳೆ. ಗಂಟು ಬಿಚ್ಚದೆ ಅದೇ ಬಸ್ಸಿಗೆ ತಿರುಗಿ ಹೋಗುತ್ತಾಳೆ. ಮುಂದೆ ಬೀಸುಕಲ್ಲು ಮಾತಾಡುವುದಿಲ್ಲ. ಆರು ವರ್ಷ ಕಾಯಿಸಿದ್ದಕ್ಕೆ ಕ್ಷಮೆ ಇರಬಹುದು, ಆರು ವರ್ಷ ಕಾಯಿಸಿ ಅವಳ ಪೇಟಿಗೆ ತನ್ನ ಗಂಟಲು ತುರುಕಿದ್ದಕ್ಕೆ ಎಲ್ಲಿಯ ಕ್ಷಮೆ! ಉಪಾಯ ಒಂದೇ. ಚಾಂದಪಾಶಾನಿಗೆ ಒಂದು ತಿಂಗಳು ಬೇಕು. ಆ ಒಂದು ತಿಂಗಳು ಸುಗಲಮ್ಮ ಸುರಪುರದಲ್ಲೇ ಇರಬೇಕು.

ಶನಿವಾರ ರಜೆಯ ಅರ್ಜಿ ಹಾಕಿ ಬೆಳಗಿನ ಬಸ್ಸಿಗೆ ಸುರಪುರಕ್ಕೆ ಹೋದರು. ಮಾವನ ಮನೆಯಲ್ಲಿ ಸಂಭ್ರಮವೋ ಸಂಭ್ರಮ.

"ಬರ್ರಿ ಅಳಿಯಂದ್ರ, ಬರ್ರಿ! ಸೋಮವಾರ ನಾವೇ ಕಳಸಾವ್ರಿದ್ವಿ. ಅಷ್ಟೂ ತಡೀಲಿಲ್ಲೇನು?" ಎಂದು ಮರಿಲಿಂಗಪ್ಪ ನಕ್ಕರು. ಅತ್ತೆ ಹಣಮಂತಮ್ಮ ಕಾಲಿಗೆ ನೀರು ಕೊಟ್ಟರು.

"ಕರೆಯಾಕ ಬಂದಿಲ್ರಿ ಮಾವಾರ," ಎಂದರು ಭಗವಂತರಾಯರು, ಬಸ್ಸಿನಲ್ಲಿ ಉರು ಹಾಕಿದ್ದನ್ನು ಒಪ್ಪಿಸುತ್ತ. "ಇನ್ನಾ ಒಂದು ತಿಂಗಳ ಇಲ್ಲೇ ಇರಲಿ ಅಂತ ಹೇಳಾಕ ಬಂದೀನಿ."

ಮರಿಲಿಂಗಪ್ಪನವರ ನಗು ನಿಂತಿತು. ಹಣಮಂತಮ್ಮನ ಕೈಯಲ್ಲಿದ್ದ ತಂಬಿಗೆ ಠಣ್ಣೆಂದು ಕೆಳಗೆ ಬಿತ್ತು.

"ಪೇಟಿ ಬಂದದಂತ ಸುದ್ದಿ ಬಂತಲ್ಲ?"

"ಬಂದದ್ರಿ."

"ಪೇಟಿ ಬಂದದ, ಹೆಂಡ್ತಿ ಬ್ಯಾಡ. ಹಂಗಂದ್ರ ಆ ಪೇಟಿ ಬಾರಸಾಕ ಬ್ಯಾರೆ ಯಾರನ್ನ ತಂದು ಇಟ್ಟೀರಿ?"

ಹಣಮಂತಮ್ಮ ಸೆರಗು ಬಾಯಿಗೆ ಹಚ್ಚಿ ರಾಗ ತೆಗೆದರು. ಆ ರಾಗಕ್ಕೆ ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಎದುರುಮನೆಯ ಹಿರಿಯ ಗುರಪ್ಪ ಕೋಲೂರಿಕೊಂಡು ಬಂದು ಜಗುಲಿಯ ಮೇಲೆ ಕೂತ. ಅವನ ಹಿಂದೆ ಹತ್ತು ಮಂದಿ ಬಂದರು. ಪಂಚಮಿಗೆ ತವರಿಗೆ ಬಂದಿದ್ದ ಓಣಿಯ ಹೆಣ್ಣುಮಕ್ಕಳಿಗೆ ಜೋಕಾಲಿಗಿಂತ ಇದೇ ಹೆಚ್ಚು ಚಂದ ಕಂಡಿತು.

"ನೋಡ್ರಿ ರಾಯರ," ಎಂದ ಗುರಪ್ಪ, "ಒಂದು ತಿಂಗಳಂದ್ರ ಒಂದು ತಿಂಗಳೇ ಯಾಕ? ಆ ತಿಂಗಳದಾಗ ನಿಮ್ಮ ಮನ್ಯಾಗ ಏನ್ ನಡೀತದ? ಹುಡುಗಿ ಬದುಕಿನ ಮಾತದು. ಹಿರ್ಯಾರ ಮುಂದ ಖರೇ ಹೇಳ್ರಿ."

ಒಳಬಾಗಿಲಲ್ಲಿ ಸುಗಲಮ್ಮ ನಿಂತಿದ್ದಳು. ಅವಳ ಕಣ್ಣು ಇವರ ಮೇಲೇ ಇತ್ತು. ಆ ಕಣ್ಣು ನೋಡಿದ್ದೇ ರಾಯರ ಉರು ಹಾಕಿದ ಪಾಠವೆಲ್ಲ ಹಾರಿಹೋಯಿತು.

"ಯಾರನ್ನೂ ತಂದಿಲ್ಲೋ ಯಪ್ಪಾ!" ಎಂದು ಕೂಗಿದರು. "ಪೇಟಿ ಅಕೀದು! ಅಕೀ ಸಲುವಾಗೇ ಮಾಡಿಸೀನಿ. ಆದ್ರ ಅಂಗಡ್ಯಾಗ ಯಾರ ಗಂಟಲಿಗೆ ಅಂತ ಕೇಳಿದಾಗ ನನಗ ನಾಚಿಕಿ ಬಂತು. ನನ್ನ ಗಂಟಲಿಗೆ ಅಂದೆ. ಆರು ವಾರ ಬಜಾರದಾಗ ಕುಂತು ಹಾಡಿದೆ. ಈಗ ಪೇಟಿ ನನ್ನ ಅಳತಿಗೆ ಆಗ್ಯದ, ಅಕೀಗೆ ಕೂಡೂದಿಲ್ಲ. ಬದಲ ಮಾಡ್ಸಾಕ ಒಂದು ತಿಂಗಳ ಬೇಕು. ಅಷ್ಟ!"

ಸುಗಲಮ್ಮ ಎರಡು ಹೆಜ್ಜೆ ಮುಂದೆ ಬಂದಳು.

"ಪೇಟಿ ಬಾರಸಾಕಿ ಯಾರು? ಅದನ್ನ ಇನ್ನೊಮ್ಮೆ ಹೇಳ್ರಿ. ಎಲ್ಲಾರಿಗೂ ಕೇಳಲಿ."

"ನನ್ನ ಹೆಂಡ್ತಿ ಬಾರಸ್ತಾಳ!" ರಾಯರ ಧ್ವನಿ ಓಣಿಯ ತುದಿಗೆ ಮುಟ್ಟಿತು. ಒಮ್ಮೆ ಬಾಯಿ ಬಿಟ್ಟ ಮೇಲೆ ಒಳಗಿದ್ದದ್ದೆಲ್ಲ ತಾನೇ ಹೊರಗೆ ಬಂತು. "ಅಕಿ ಬಾರಸ್ತಾಳ, ಅಕಿ ಹಾಡ್ತಾಳ, ನನಗೇನೂ ಬರೂದಿಲ್ಲ. ಅಕಿ ಇಲ್ಲಂದ್ರ ಆ ಮನಿ ನನ್ನ ತಿನ್ನಾಕ ಬರ್ತದ!"

ಹೆಣ್ಣುಮಕ್ಕಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಗುರಪ್ಪ ಕೆಮ್ಮಿದ. ಮರಿಲಿಂಗಪ್ಪನವರು ಅಳಿಯನನ್ನು ಮೊದಲ ಬಾರಿ ನೋಡುವವರಂತೆ ನೋಡಿದರು. ಸುಗಲಮ್ಮ ಕಣ್ಣೊರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು.

"ಪೇಟಿ ನನ್ನ ಅಳತಿಗೇ ಆಗ್ಯದ್ರಿ."

"ಆಂ?"

"ಮೊದಲನೇ ಶುಕ್ರವಾರ ಸಂಜೀಕೇ ಭೀಮವ್ವ ಓಡಿ ಬಂದು ಹೇಳಿದ್ಳು, ನಿನ್ನ ಗಂಡ ಬಜಾರದಾಗ ಕುಂತು ಹಾಡಾಕತ್ತಾನ ಅಂತ. ಮರುದಿನ ನಾ ಹಿಂದಿನ ಬಾಗಲಲೆ ಹೋಗಿ ಮಕ್ತುಂಬಿ ಅಕ್ಕನ ಮುಂದ ಕುಂತು ಹಾಡಿ ಬಂದೆ. ಕೆರಿಯೂ ಕೈ ಚಾಂದಪಾಶಾ ಅಣ್ಣಂದು, ಕೇಳೂ ಕಿವಿ ಮಕ್ತುಂಬಿ ಅಕ್ಕಂದು. ನಿಮ್ಮ ಹಾಡ ಕೇಳಿದ ಕೂಡ್ಲೇ ಅಕಿ ಅಂದಿದ್ಳಂತ, 'ಈ ಮನಶ್ಯಾ ಪೇಟಿ ತನಗ ಒಯ್ಯೂದಿಲ್ಲ, ಮನ್ಯಾಗ ಯಾರೋ ಹಾಡಾಕಿ ಅದಾಳ' ಅಂತ. ನಿಮಗ ಹೇಳಬ್ಯಾಡ್ರಿ ಅಂತ ನಾನೇ ಅಂದಿದ್ದೆ. ನಿಮ್ಮ ಬಾಯಿಲೇ ಬರಲಿ ಅಂತ ಕಾಯ್ತಿದ್ದೆ."

"ಮತ್ತ ಮೊನ್ನೆ ಮನ್ಯಾಗ ನಾ ಹಾಡಿದಾಗ ಸರೀ ಕೂಡ್ತಿತ್ತಲ್ಲ?"

ಸುಗಲಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು.

ಸೋಮವಾರ ಇಬ್ಬರೂ ಶಹಾಪುರಕ್ಕೆ ಬಂದು ಬಸ್ಸಿಳಿದರು. ಮಕ್ತುಂಬಿಗೆ ಉಂಡಿ ಕೊಟ್ಟು ಹೋಗೋಣವೆಂದು ಸುಗಲಮ್ಮ ಹಟ ಹಿಡಿದಳು. ಈ ಸಲ ಹಿಂದಿನ ಬಾಗಿಲಿನಿಂದಲ್ಲ, ಗಂಡನ ಜೊತೆ ಬಜಾರಿನ ಕಡೆಯ ಬಾಗಿಲಿನಿಂದಲೇ ಒಳಗೆ ಹೋದಳು. ಪರದೆಯ ಒಳಗೆ ಇಬ್ಬರು ಹೆಂಗಸರ ನಗು ಶುರುವಾಯಿತು. ಹೊರಗೆ ಭಗವಂತರಾಯರು ಅಂಗಡಿಯನ್ನು ಸುತ್ತ ನೋಡಿದರು. ಗೋಡೆ ಬರಿದಾಗಿತ್ತು. ಧೂಳು ಹೊದ್ದ ತಬಲಾಗಳಿಲ್ಲ, ದಮ್ಮಡಿಗಳಿಲ್ಲ, ಬರೀ ಮೊಳೆಗಳು. ಅವರ ಮನಸ್ಸಿನಲ್ಲಿ ಎರಡು ದಿನದಿಂದ ಕೊರೆಯುತ್ತಿದ್ದ ಪ್ರಶ್ನೆ ಹೊರಬಂತು.

"ಅಲ್ಲೋ ಚಾಂದಪಾಶಾ, ಇಕೀ ಅಳತಿ ಮೊದಲನೇ ವಾರದಾಗೇ ಸಿಕ್ಕಿತ್ತಂದ್ರ, ಮುಂದ ಐದು ವಾರ ನನ್ನ ಕಡಿಂದ ಯಾಕ ಹಾಡಿಸಿದಿ?"

ಚಾಂದಪಾಶಾ ಮೊದಲು ತಲೆ ಕೆರೆದುಕೊಂಡ. ಆಮೇಲೆ ಬೇರೆ ದಾರಿಯಿಲ್ಲದೆ ಹೇಳಿದ.

"ಸಿಟ್ಟಾಗಬ್ಯಾಡ್ರಿ ರಾಯರ. ನನ್ನ ಅಂಗಡಿ ಮುಂದ ಅಷ್ಟು ಮಂದಿ ಎಂದೂ ನಿಂತಿದ್ದಿಲ್ಲ. ನಿಮ್ಮ ಹಾಡ ಕೇಳಿದಾವ್ರೆಲ್ಲ, 'ಇವ್ರೇ ಹಾಡ್ತಾರಂದ್ರ ನಮಗೇನು ಧಾಡಿ' ಅಂತ ಒಳಗ ಬಂದ್ರು. ಮೂರು ತಬಲಾ ಹೋದ್ವು, ದಮ್ಮಡಿ ಎಲ್ಲಾ ಹೋದ್ವು. ಒಂದು ವಾರ ನೀವು ಎರಡು ಪದ ಜಾಸ್ತಿ ಹಾಡಿದ್ರಿ ನೋಡ್ರಿ, ಆವತ್ತ ಹನ್ನೊಂದು ಜೋಡಿ ತಾಳ ಹೋದ್ವು!"

ಭಗವಂತರಾಯರಿಗೆ ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು. ಚಾಂದಪಾಶಾ ಪರದೆಯ ಕಡೆ ತಿರುಗಿ, ಧ್ವನಿಯಲ್ಲಿ ವಿನಯ ತುಂಬಿಕೊಂಡು ಕೇಳಿದ:

"ಅಕ್ಕಾರ, ದಸರಾ ಹತ್ರ ಬಂತು. ಹೊಸಾ ಮಾಲ ಮಾಡಿ ಇಡಾಕತ್ತೀನಿ. ಜುಮ್ಮಾಕ್ಕ ಒಂದೆರಡು ತಾಸು ರಾಯರನ್ನ ಕಳಸ್ತೀರೇನ್ರಿ?"

ಪರದೆಯ ಒಳಗಿಂದ ಸುಗಲಮ್ಮನ ಉತ್ತರ ಬಂತು.

"ಎರಡು ತಾಸು ಯಾಕ್ರಿ ಅಣ್ಣಾರ? ಅವ್ರಿಗೆ ಹಾಡಬೇಕನಿಸಿದಾಗೆಲ್ಲ ಇಲ್ಲಿಗೇ ಕಳಸ್ತೀನಿ. ಮನ್ಯಾಗ ನಾ ಇದ್ದೀನಲ್ಲ!"